ಪುಟ್ಟಿಯ ಗರಗಸ

ಐವತ್ತು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆದರೆ ಕೇಳಿದವರು ನಗುತ್ತಾರೆ. ನಗಲಿ. ಮನೆಯಲ್ಲಿ ಹಿರಿಯರೆಂದು ಒಬ್ಬರು ಉಳಿದಿರುವ ತನಕ ಕಿರಿಯರಿಗೆ ಬಡ್ತಿ ಇಲ್ಲ, ಪುಟ್ಟಿಯ ಪಾಲಿಗೆ ಆ ಹಿರಿಯರು ಅವಳ ಅಕ್ಕ. ಅಕ್ಕ ಮದುವೆಯ ಗೋಜಿಗೇ ಹೋಗಿರಲಿಲ್ಲ. ಪುಟ್ಟಿ ಹೋಗಿ, ಗಂಡನನ್ನು ಬೇಗ ಕಳೆದುಕೊಂಡು, ಹೋದ ದಾರಿಯಲ್ಲೇ ವಾಪಸು ಬಂದಿದ್ದಳು. ಈಗ ಇಬ್ಬರೂ ಸೇರಿ ಅಪ್ಪನ ಬೇಕರಿ ನಡೆಸುತ್ತಿದ್ದರು. ಬೀದಿಗೆ ಮುಖ ಮಾಡಿ ಗಾಜಿನ ಕಪಾಟು, ಅದರ ಹಿಂದೆ ಹಿಟ್ಟು ನಾದುವ ಕೋಣೆ, ಅದರಾಚೆ ಕಟ್ಟಿಗೆ ಉರಿಯ ಇಟ್ಟಿಗೆ ಭಟ್ಟಿ, ಕೊನೆಗೆ ಹಿತ್ತಿಲಲ್ಲಿ ತಗಡಿನ ಸೂರಿನ ಕೆಳಗೆ ಕಟ್ಟಿಗೆ ರಾಶಿ. ಅಪ್ಪ ಹೋದ ಮೇಲೆ ಕೆಲಸ ಯಾರೂ ಹೇಳದೆಯೇ ಎರಡು ಪಾಲಾಗಿತ್ತು. ಹಿಟ್ಟು ಪುಟ್ಟಿಯದು, ಬೆಂಕಿ ಅಕ್ಕನದು.

ಬೆಂಕಿ ಎಂದರೆ ಕಟ್ಟಿಗೆ, ಕಟ್ಟಿಗೆ ಎಂದರೆ ಅಪ್ಪನ ಮಷೀನು. ಪೆಟ್ರೋಲು ಕುಡಿದು ಓಡುವ, ಹಲ್ಲಿನ ಚೈನು ಸುತ್ತುವ ದೊಡ್ಡ ಗರಗಸ ಅದು. ಗಟ್ಟಿಮುಟ್ಟಾದ ಗಂಡಸರೇ ಎತ್ತಿ ನೋಡಿ, ಮುಖ ಸಿಂಡರಿಸಿ ಕೆಳಗಿಡುವಂಥ ಭಾರ. ಲಾರಿಯವನು ಉದ್ದುದ್ದ ಕೊಂಬೆಗಳನ್ನು ಹಿತ್ತಿಲಿಗೆ ಉರುಳಿಸಿ ಹೋಗುತ್ತಿದ್ದ. ಅಕ್ಕ ಅಪ್ಪನ ಹಳೆಯ ಪ್ಯಾಂಟು ಏರಿಸಿ, ಸೊಂಟಕ್ಕೆ ಹಗ್ಗ ಬಿಗಿದು, ಭಟ್ಟಿಯ ಬಾಯಿಗೆ ಹಿಡಿಸುವ ಅಳತೆಗೆ ಅವನ್ನು ಕೊಯ್ದು ಪೇರಿಸುತ್ತಿದ್ದಳು. ಈ ಅವತಾರ ಕಂಡರೆ ಬೀದಿಯ ಮಕ್ಕಳಿಗೆ ಭಯ, ದೊಡ್ಡವರಿಗೆ ಗೌರವ, ಪುಟ್ಟಿಗೆ ಹೆಮ್ಮೆ. ಎಷ್ಟೋ ವರ್ಷ ಹೀಗೇ ನಡೆಯಿತು.

ಈಚೆಗೆ ಮಾತ್ರ ಪುಟ್ಟಿಯ ಕಿವಿ ಹಿತ್ತಿಲ ಕಡೆಗೇ ಇರುತ್ತಿತ್ತು. ಮೊದಲೆಲ್ಲ ಮಷೀನು ಚಾಲೂ ಮಾಡುವ ಹಗ್ಗವನ್ನು ಅಕ್ಕ ಒಂದು ಸಲ ಜಗ್ಗಿದರೆ ಸಾಕು, ಗುರ್ರೆನ್ನುತ್ತಿತ್ತು. ಈಗ ಜಗ್ಗುವುದು, ಸುಮ್ಮನಾಗುವುದು, ಮತ್ತೆ ಜಗ್ಗುವುದು, ಮತ್ತೆ ಸುಮ್ಮನಾಗುವುದು. ಆ ನಡುವಿನ ಮೌನದಲ್ಲಿ ಅಕ್ಕ ಬಲ ಭುಜ ಹಿಡಿದುಕೊಂಡು ನಿಂತಿರುತ್ತಾಳೆಂದು ಪುಟ್ಟಿಗೆ ಗೊತ್ತಿತ್ತು. ಕಿಟಕಿಯಿಂದ ಇಣುಕಿದರೆ ಅಕ್ಕ ಕೂಡಲೇ ಭುಜ ಬಿಟ್ಟು, ಮಷೀನಿಗೆ ಬೈಯುವ ನಾಟಕ ಮಾಡುತ್ತಿದ್ದಳು. ಮುದಿಯಾಯಿತು, ಸೊಕ್ಕು ಬಂತು ಎಂದು ಬೈದದ್ದೆಲ್ಲ ಮಷೀನಿಗೇ.

ಒಂದು ದಿನ ಬಟ್ಟೆ ಒಗೆಯುವಾಗ ಆ ಪ್ಯಾಂಟು ಪುಟ್ಟಿಯ ಕೈಗೆ ಬಂತು. ಎಡ ಮೊಣಕಾಲಿನ ಮೇಲೆ, ತೊಡೆಗೆ ಅಡ್ಡಲಾಗಿ, ಗೇಣುದ್ದದ ಹೊಲಿಗೆ. ಅಕ್ಕನ ಕೈಹೊಲಿಗೆಯಂತೂ ಅಲ್ಲ, ಮಷೀನು ಹೊಲಿಗೆ. ಪ್ಯಾಂಟನ್ನು ಹಾಗೇ ಒದ್ದೆಯಲ್ಲೇ ಹಿಡಿದುಕೊಂಡು ಪಕ್ಕದ ಅಂಗಡಿಯ ದರ್ಜಿಯ ಮುಂದೆ ಹೋಗಿ ನಿಂತಳು. ಅವನು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದವನ ಹಾಗೆ ನಟಿಸಿದ, ದಾರ ಆಗಲೇ ಸೂಜಿಯೊಳಗಿತ್ತು. ಹರಿದದ್ದು ಹೇಗೆ ಎಂದು ಕೇಳಿದಾಗ ಅತ್ತಿತ್ತ ನೋಡಿ, ತಾನೇನೂ ಹೇಳಿಲ್ಲ ಎಂದು ಮೊದಲು ಹೇಳಿ, ಆಮೇಲೆ ಎಲ್ಲ ಹೇಳಿದ. ಅಕ್ಕನ ಕೈ ಸೋತು ಗರಗಸ ಕೆಳಗೆ ಕುಸಿದಿತ್ತಂತೆ. ಚೈನು ಇನ್ನೂ ಸುತ್ತುತ್ತಿತ್ತಂತೆ. ಬಟ್ಟೆಗೆ ತಾಗಿ ನಿಂತದ್ದು ಪುಣ್ಯವಂತೆ.

ಮನೆಗೆ ಬಂದ ಪುಟ್ಟಿ ನಾದಿದ ಹಿಟ್ಟನ್ನೇ ಇನ್ನೊಮ್ಮೆ ನಾದಿದಳು, ಅವತ್ತಿನ ಬನ್ನು ಚಪ್ಪಟೆಯಾಯಿತು. ಅಕ್ಕನಿಗೆ ನೇರವಾಗಿ ಹೇಳಬಾರದೇ ಎಂದು ನೀವು ಕೇಳಬಹುದು. ಹೇಳಬಹುದಿತ್ತು, ಬೇರೆ ಅಕ್ಕನಾಗಿದ್ದರೆ. ಈ ಅಕ್ಕನಿಗೆ ನಿನ್ನ ಕೈಲಾಗುವುದಿಲ್ಲ ಎಂದು ಹೇಳಿದರೆ ಎರಡೇ ದಾರಿ. ಒಂದು, ಹಟಕ್ಕೆ ಬಿದ್ದು ದೊಡ್ಡ ಮಷೀನಿನಲ್ಲೇ ಇನ್ನೂ ದಪ್ಪ ಮರ ಕೊಯ್ಯುತ್ತಾಳೆ. ಇಲ್ಲವೇ, ಒಳಗೆ ಮುರಿದುಹೋಗಿ ಮೂಲೆ ಹಿಡಿಯುತ್ತಾಳೆ. ಕಟ್ಟಿಗೆಯೇ ಅವಳ ಪ್ರಾಣ ಎಂದು ಪುಟ್ಟಿ ನಂಬಿದ್ದಳು. ಅಕ್ಕನಿಂದ ಆ ಕೆಲಸ ಕಿತ್ತುಕೊಂಡರೆ ಅವಳಲ್ಲಿ ಏನು ಉಳಿಯುತ್ತದೆ?

ಇನ್ನೊಂದು ಮಾತೂ ಇತ್ತು, ಅದನ್ನು ಪುಟ್ಟಿ ತನಗೆ ತಾನೇ ಹೇಳಿಕೊಳ್ಳಲೂ ನಾಚುತ್ತಿದ್ದಳು. ಅಕ್ಕ ಬಿಟ್ಟರೆ ಆ ಕೆಲಸ ತನ್ನ ತಲೆಗೇ ಬರುತ್ತದೆ. ಬೆಳಕು ಹರಿಯುವ ಮುಂಚೆ ಎದ್ದು ಹಿಟ್ಟು ಕಲಸಿ, ನಾದಿ, ಉಂಡೆ ಕಟ್ಟಿ, ತಟ್ಟೆ ಜೋಡಿಸಿ, ಭಟ್ಟಿಗೆ ಹಾಕಿ ತೆಗೆದು, ಮತ್ತೆ ಸಂಜೆಯ ಹಿಟ್ಟಿಗೆ ಕೈ ಹಾಕುವಷ್ಟರಲ್ಲಿ ಅವಳ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತರೆ ತುತ್ತು ಎತ್ತುವುದೂ ಒಂದು ಕೆಲಸವೆನಿಸುವ ದಿನಗಳಿದ್ದವು. ಆಳು ಹುಡುಕಿದ್ದರು. ಬಂದವರು ಭಟ್ಟಿಯ ಝಳಕ್ಕೆ ವಾರ ನಿಲ್ಲಲಿಲ್ಲ. ಅಕ್ಕನ ಕಾಲೂ ಉಳಿಯಬೇಕು, ಅಕ್ಕನ ಕೆಲಸವೂ ಉಳಿಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಹಗುರವಾದ ಸಣ್ಣ ಗರಗಸವೊಂದನ್ನು ತಂದುಬಿಡುವುದೇ ದಾರಿ. ಆದರೆ ಅಕ್ಕನಿಗೆಂದು ತಂದರೆ ಕೆಟ್ಟಿತು. ಅವಳಿಗೆಂದು ಯಾರು ಏನೇ ತಂದರೂ ಅದು ನೇರ ಪೆಟ್ಟಿಗೆ ಸೇರುತ್ತಿತ್ತು. ಪುಟ್ಟಿ ಕೊಡಿಸಿದ ಉಣ್ಣೆಯ ಸ್ವೆಟರು, ಹೊಸ ಚಪ್ಪಲಿ, ಎಲ್ಲ ಅಲ್ಲೇ ಮಡಿಕೆ ಬಿಚ್ಚದೆ ಮಲಗಿದ್ದವು. ಅದೇ ಪುಟ್ಟಿಗೆಂದು ತಂದದ್ದೋ, ಮರುದಿನವೇ ಅಕ್ಕನ ಕೈಯಲ್ಲಿ. ಪುಟ್ಟಿಯ ಹೊಸ ಸ್ಲೇಟಿನ ಮೇಲೆ ಮೊದಲು ಬರೆದವಳು ಅಕ್ಕ. ಪುಟ್ಟಿಯ ಹೊಸ ಕೊಡೆಯನ್ನು ಮೊದಲು ನೆನೆಸಿದವಳು ಅಕ್ಕ. ಮೊನ್ನೆ ಮೊನ್ನೆ ತಂದ ಕನ್ನಡಕದ ಡಬ್ಬಿಯೂ ಈಗ ಅಕ್ಕನ ಗುಂಡಿಗಳ ಡಬ್ಬಿ. ‘ಕೊಡಿಲ್ಲಿ, ನೋಡೋಣ’ ಎಂದು ಕೈ ಚಾಚಿದಳೆಂದರೆ ಮುಗಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಜೀವನವಿಡೀ ಬೈದುಕೊಂಡಿದ್ದ ಪುಟ್ಟಿ, ಮೊದಲ ಸಲ ಆ ಗುಣವನ್ನೇ ನಂಬಿಕೊಂಡಳು. ಗರಗಸ ತನಗೆ ಎಂದು ಹೇಳಿದರೆ ಸಾಕು, ಮಿಕ್ಕದ್ದನ್ನು ಅಕ್ಕ ತಾನೇ ನೋಡಿಕೊಳ್ಳುತ್ತಾಳೆ.

ಮಧ್ಯಾಹ್ನ ಬೇಕರಿ ತಣ್ಣಗಿರುವ ಹೊತ್ತಿನಲ್ಲಿ, ಈಸ್ಟು ತರುತ್ತೇನೆಂದು ಹೇಳಿ ಹೊರಟಳು. ದರ್ಜಿಗೆ ಮಾತ್ರ ಗುಟ್ಟು ಬಿಟ್ಟುಕೊಟ್ಟಳು, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದಲ್ಲ. ಮಷೀನುಗಳ ಅಂಗಡಿ ಬಸ್ಸು ನಿಲ್ದಾಣದ ಹಿಂದಿತ್ತು. ಪಂಪು, ಪೈಪು, ಮೊಳೆಡಬ್ಬಿಗಳ ನಡುವೆ ಅಂಗಡಿಯವನು ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಕೂತಿದ್ದ. ಸೌದೆ ಕೊಯ್ಯಲು ಹಗುರದ್ದೊಂದು ಬೇಕು ಎಂದಾಗ, ಯಾರು ಬಳಸುವುದು ಎಂದು ಕೇಳಿದ. ನಾನೇ ಎಂದಳು ಪುಟ್ಟಿ. ಅವನು ಅವಳ ತೋಳು ನೋಡಿ, ನಿಮಗೆ ಅಷ್ಟು ಹಗುರದ್ದು ಯಾಕಮ್ಮ, ದೊಡ್ಡದನ್ನೇ ಎತ್ತುತ್ತೀರಿ ಎಂದ. ಹಿಟ್ಟು ನಾದಿದ ತೋಳು, ಅವನ ತಪ್ಪೇನೂ ಇಲ್ಲ.

ಮೊದಲು ಸಣ್ಣ ಪೆಟ್ರೋಲಿನದು ಬಂತು. ಪುಟ್ಟಿ ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಭುಜ ಅಲ್ಲಾಡಿಸದೆ ಹಗ್ಗ ಎಳೆಯಲು ನೋಡಿದಳು. ಅಕ್ಕನ ಭುಜ ಅಷ್ಟೇ ತಿರುಗುವುದು. ಹಗ್ಗ ಅರ್ಧಕ್ಕೆ ನಿಂತಿತು. ಇದು ಬೇಡ ಎಂದು ಪಕ್ಕಕ್ಕಿಟ್ಟಳು. ವೈರಿನದು ತೋರಿಸಿದ. ಹಿತ್ತಿಲಿನ ಒದ್ದೆಯಲ್ಲಿ ಕರೆಂಟಿನ ವೈರು ಎಳೆದುಕೊಂಡು ಓಡಾಡುವುದು, ಅದರ ಮೇಲೇ ಗರಗಸ ಇಳಿಯುವುದು, ಎಲ್ಲ ಅವಳ ಕಣ್ಣ ಮುಂದೆ ಬಂತು. ಅದೂ ಬೇಡ. ಆಮೇಲೆ ಗೋಡೆಯಲ್ಲಿ ನೇತುಬಿಟ್ಟಿದ್ದ ಪುಟಾಣಿಯೊಂದು ಕಣ್ಣಿಗೆ ಬಿತ್ತು. ಹಿಡಿ ಮೇಲ್ಗಡೆ, ಒಂದೇ ಕೈಯಲ್ಲಿ ಎತ್ತಿದರೆ ಎದ್ದು ಬರುವಷ್ಟು ಹಗುರ. ಪುಟ್ಟಿಗೆ ಅದೇ ಇಷ್ಟವಾಯಿತು.

ಅಂಗಡಿಯವನು ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಇದು ಮರ ಹತ್ತಿ ಕೊಂಬೆ ಕಡಿಯುವವರಿಗೆ, ನೆಲದ ಮೇಲೆ ನಿಂತು ಕೊಯ್ಯುವವರಿಗಲ್ಲ ಎಂದ. ಹಗುರ ಇದೆಯೆಂದು ಒಂದೇ ಕೈಯಲ್ಲಿ ಹಿಡಿಯುತ್ತಾರೆ, ಚೈನು ಸುತ್ತುವ ಪಟ್ಟಿಯ ತುದಿ ಮರಕ್ಕೆ ತಾಗಿತೆಂದರೆ ಮುಖಕ್ಕೇ ಎಗರುತ್ತದೆ, ನಿಮಗೆ ಇದನ್ನು ಮಾರಿ ನಾನು ಪಾಪ ಕಟ್ಟಿಕೊಳ್ಳಲಾರೆ. ಹೀಗೆ ಹೇಳುವ ಅಂಗಡಿಯವನೂ ಇದ್ದಾನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು, ಆಮೇಲೆ ಅವನ ಮಾತನ್ನೆಲ್ಲ ಕೇಳಿದಳು.

ಕೊನೆಗೆ ಉಳಿದದ್ದು ಬ್ಯಾಟರಿಯದು. ಹಿಂದೊಂದು ಹಿಡಿ, ಮುಂದೊಂದು ಹಿಡಿ, ಎರಡೂ ಕೈಗೆ ಕೆಲಸ. ಹಗ್ಗದ ಗೋಳಿಲ್ಲ, ಗುಂಡಿ ಒತ್ತಿ ಹಿಡಿದರೆ ಸುತ್ತುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮುಂದಿನ ಹಿಡಿಯ ಎದುರಿಗಿದ್ದ ತಡೆಯನ್ನು ಮುಂದಕ್ಕೆ ತಳ್ಳಿದರೆ ಚೈನು ಅಲ್ಲೇ ಬಿಗಿದು ನಿಲ್ಲುತ್ತದೆ. ಪಟ್ಟಿ ಗಿಡ್ಡ, ಆದರೆ ಭಟ್ಟಿಗೆ ಬೇಕಾದ ತೊಡೆ ದಪ್ಪದ ಮರಕ್ಕೆ ಧಾರಾಳ. ತೂಕ ಎಷ್ಟು ಎಂದಾಗ ಅವನು ಡಬ್ಬಿಯ ಮೇಲಿನ ಅಂಕಿ ತೋರಿಸಿದ. ಪುಟ್ಟಿ ಒಪ್ಪಲಿಲ್ಲ. ಬೇಕರಿಯವಳು ತಕ್ಕಡಿಯನ್ನು ಬಿಟ್ಟು ಇನ್ನಾರನ್ನೂ ನಂಬುವುದಿಲ್ಲ. ಬ್ಯಾಟರಿ ಸಿಕ್ಕಿಸಿ, ಚೈನು ಹಾಕಿ, ಎಣ್ಣೆ ತುಂಬಿ, ಮೊಳೆ ತೂಗುವ ತಕ್ಕಡಿಯ ಮೇಲೆ ಇಡಿಸಿದಳು. ಡಬ್ಬಿ ಹೇಳಿದ್ದಕ್ಕಿಂತ ಜಾಸ್ತಿಯೇ ಬಂತು. ಬ್ಯಾಟರಿ ಲೆಕ್ಕಕ್ಕಿಲ್ಲ ಅಂತ ಬರೆದಿರುತ್ತಾರಮ್ಮ, ಸಣ್ಣಕ್ಷರದಲ್ಲಿ ಎಂದು ಅವನು ತಲೆ ಕೆರೆದುಕೊಂಡ. ಆದರೂ ಅಪ್ಪನ ಮಷೀನಿನ ಅರ್ಧವೂ ಇರಲಿಲ್ಲ. ಪುಟ್ಟಿ ಅದನ್ನು ಸೊಂಟದ ಮಟ್ಟಕ್ಕೆ ಹಿಡಿದು, ಭುಜ ಇಳಿಬಿಟ್ಟು, ಕೈ ನಡುಗುವ ತನಕ ಕಾದಳು. ನಡುಗಲಿಲ್ಲ. ಅಂಗಡಿಯವನಿಗೆ ಈ ಹೆಂಗಸು ಇನ್ನೊಬ್ಬರ ಮೈ ಹೊತ್ತುಕೊಂಡು ಬಂದಿದ್ದಾಳೆಂದು ಅನುಮಾನವೂ ಬರಲಿಲ್ಲ.

ಮನೆಗೆ ಬಂದು ಡಬ್ಬಿಯನ್ನು ನಾದುವ ಮೇಜಿನ ಮೇಲೆ ಇಟ್ಟಳು. ನನಗೆ ಅಂತ ತಂದೆ, ಸಣ್ಣಪುಟ್ಟದ್ದು ನಾನೇ ಕೊಯ್ದುಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು. ಹೇಳಿ, ಅಕ್ಕ ಕೈ ಚಾಚುವುದನ್ನು ಕಾದಳು.

ಅಕ್ಕ ಬಹಳ ಹೊತ್ತು ಗರಗಸವನ್ನೇ ನೋಡಿದಳು. ಕೈ ಚಾಚಲಿಲ್ಲ.

‘ನಿಂಗಾ?’ ಎಂದಳು.

‘ಹೂಂ, ನಂಗೆ.’

ಅಕ್ಕ ಎದ್ದು ಬಚ್ಚಲಿಗೆ ಹೋದಳು. ಬರುವಾಗ ಮುಖ ತೊಳೆದಿದ್ದಳು. ಬಂದವಳೇ ಪುಟ್ಟಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಕಾಲು ಎಷ್ಟು ಅಗಲಿಸಬೇಕು, ಮರ ಅಲ್ಲಾಡದಂತೆ ಹಿಡಿಯುವ ಸ್ಟ್ಯಾಂಡಿನ ಕವೆಯಲ್ಲಿ ಕೊಂಬೆಯನ್ನು ಹೇಗೆ ಕೂರಿಸಬೇಕು, ಪಟ್ಟಿಯ ತುದಿಯಿಂದ ಯಾಕೆ ಕೊಯ್ಯಬಾರದು, ಎಲ್ಲ ತಾಳ್ಮೆಯಿಂದ ಹೇಳಿಕೊಟ್ಟಳು. ತಾಳ್ಮೆ ಎನ್ನುವುದು ಆ ಮನೆಯಲ್ಲಿ ಅಪರೂಪದ ಪದಾರ್ಥ, ಪುಟ್ಟಿಗೆ ಅದನ್ನು ಕಂಡೇ ದಿಗಿಲಾಯಿತು. ಸಂಜೆಯೊಳಗೆ ಅಕ್ಕ ಅಪ್ಪನ ಮಷೀನಿನ ಪೆಟ್ರೋಲು ಬಸಿದು, ಎಣ್ಣೆ ಒರೆಸಿ, ಹಿಟ್ಟಿನ ಖಾಲಿ ಚೀಲದಲ್ಲಿ ಸುತ್ತಿ, ದರ್ಜಿಯನ್ನು ಕರೆದು ಅಟ್ಟಕ್ಕೆ ಹಾಕಿಸಿದಳು. ಪ್ಯಾಂಟನ್ನು ಭಟ್ಟಿ ಒರೆಸುವ ಬಟ್ಟೆ ಮಾಡಿದಳು.

ಮಾಡಿದ್ದುಣ್ಣೋ ಮಹರಾಯ. ಮರುದಿನದಿಂದ ಹಿಟ್ಟೂ ಪುಟ್ಟಿಯದು, ಕಟ್ಟಿಗೆಯೂ ಪುಟ್ಟಿಯದು. ಬೆಳಗಿನ ಬ್ರೆಡ್ಡು ಭಟ್ಟಿಯಿಂದ ಇಳಿದ ಮೇಲೆ, ಹಿಂದೆ ಅವಳು ಒಂದು ಗಳಿಗೆ ಕಾಲು ಚಾಚುತ್ತಿದ್ದ ಹೊತ್ತಿನಲ್ಲಿ, ಈಗ ಹಿತ್ತಿಲಲ್ಲಿ ಗರಗಸ ಹಿಡಿದು ನಿಲ್ಲುತ್ತಿದ್ದಳು. ಗರಗಸದ ಮೇಲೆ ದೂರು ಹೇಳುವಂತಿರಲಿಲ್ಲ. ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತಿತ್ತು. ದೂರು ಇದ್ದದ್ದು ಅವಳ ಮೈಯದು. ಕೊಯ್ದದ್ದನ್ನು ಎತ್ತಬೇಕು, ಹೊರಬೇಕು, ಪೇರಿಸಬೇಕು, ಬಾಗಬೇಕು, ಏಳಬೇಕು. ಮಧ್ಯಾಹ್ನ ಹಿಟ್ಟಿನ ಮುಂದೆ ನಿಂತರೆ ಬೆರಳು ಮಡಚುತ್ತಿರಲಿಲ್ಲ. ಒಮ್ಮೆ ರಸ್ಕಿನ ತಟ್ಟೆ ಕೈಜಾರಿ ಬಿತ್ತು. ಅವಳು ನೆಲದ ಮೇಲೆ ಕೂತು ಪುಡಿ ಬಳಿಯುತ್ತಾ ಅಳುತ್ತಿದ್ದಳು, ಯಾಕೆ ಅಳುತ್ತಿದ್ದೇನೆಂದು ಕೇಳಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಅಕ್ಕನ ಚಿಂತೆ. ಅಕ್ಕ ಕಪಾಟಿನ ಹಿಂದೆ ಕೂತು ವ್ಯಾಪಾರ ನೋಡುತ್ತಿದ್ದಳು, ಗಿರಾಕಿ ಇಲ್ಲದಾಗ ಕಣ್ಣು ಮುಚ್ಚುತ್ತಿದ್ದಳು. ಪುಟ್ಟಿ ಕೊಯ್ದ ತುಂಡುಗಳು ಉದ್ದ ಗಿಡ್ಡವಾದರೂ ಒಂದು ಮಾತು ಬೈಯುತ್ತಿರಲಿಲ್ಲ. ಅಕ್ಕ ಬೈಯುವುದನ್ನು ಬಿಟ್ಟಳೆಂದರೆ ಇನ್ನೇನು ಉಳಿಯಿತು? ನಿಮ್ಮಕ್ಕ ನನ್ನಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತೇ ನಿದ್ದೆ ಹೋಗುತ್ತಾರೆ, ನನ್ನ ಮಷೀನಿನ ಸದ್ದಿಗೂ ಏಳುವುದಿಲ್ಲ ಎಂದು ದರ್ಜಿಯೂ ಹೇಳಿದ. ಕೊರಗು ಹೀಗೇ ಶುರುವಾಗುವುದು ಎಂದುಕೊಂಡಳು ಪುಟ್ಟಿ. ಅಕ್ಕನ ಕಾಲು ಉಳಿಸಲು ಹೋಗಿ ತಾನು ಅಕ್ಕನನ್ನೇ ಮೂಲೆಗೆ ಕೂರಿಸಿದೆ. ಸುಳ್ಳು ಹೇಳಿದ್ದು ತಪ್ಪು, ನಿಜ ಹೇಳಿಬಿಡಬೇಕು. ನಿನಗೆ ಅಂತಲೇ ತಂದದ್ದು ತಗೋ, ಎಂದು ಕೈಗೆ ಕೊಟ್ಟುಬಿಡಬೇಕು. ಅಕ್ಕ ಸಿಟ್ಟಾದರೆ ಆಗಲಿ, ಮೊದಲಿನ ಅಕ್ಕನಾದರೂ ವಾಪಸು ಸಿಗುತ್ತಾಳೆ. ತನಗೂ ಕಾಲು ಚಾಚುವ ಆ ಒಂದು ಗಳಿಗೆ ವಾಪಸು ಸಿಗುತ್ತದೆ.

ಆ ದಿನ ಮಧ್ಯಾಹ್ನ ಗರಗಸವನ್ನು ಒರೆಸಿ, ಬ್ಯಾಟರಿ ಸಿಕ್ಕಿಸಿ, ನಾದುವ ಕೋಣೆಗೆ ತಂದಳು. ಅಕ್ಕ ಹಿಟ್ಟಿನ ಮೂಟೆಗೆ ಒರಗಿ ಕೂತಿದ್ದಳು. ಅಕ್ಕಾ, ಒಂದು ಮಾತು ಎಂದು ಪುಟ್ಟಿ ಬಾಯಿ ತೆಗೆದಳು. ಅಕ್ಕ ಕೈ ಎತ್ತಿ ತಡೆದಳು.

‘ಮೊದ್ಲು ನನ್ನ ಮಾತು ಕೇಳು. ದರ್ಜಿ ಹೇಳ್ತಿದ್ದ, ಅದನ್ನ ನೀನು ನಂಗೇ ಅಂತ ತಂದಿದ್ದಂತೆ. ನಿಂಗೆ ಅಂದದ್ದು ಬರೀ ಬಾಯಿಮಾತಂತೆ. ತಾನೇನೂ ಹೇಳಿಲ್ಲ ಅಂತಾನೂ ಅಂದ.’

ಪುಟ್ಟಿ ಗರಗಸವನ್ನು ಮೇಜಿನ ಮೇಲಿಟ್ಟಳು. ದರ್ಜಿಯ ನಾಲಿಗೆಗೆ ಬೀಗ ಹಾಕುವವರು ಹುಟ್ಟಿಲ್ಲ ಎಂದುಕೊಂಡಳು. ಹೋಗಲಿ, ಅರ್ಧ ಕೆಲಸ ಅವನೇ ಮಾಡಿಕೊಟ್ಟಿದ್ದ.

‘ಹೌದಾದ್ರೆ ಹೌದು ಅನ್ನು,’ ಎಂದಳು ಅಕ್ಕ. ‘ನಾಳೆಯಿಂದ ನಾನೇ ಕೊಯ್ತೀನಿ. ಕೈಲಾಗಲ್ಲ ಅಂತೇನಿಲ್ಲ, ಹಗುರವಾಗಿದೆ, ನೋಡಿದೀನಿ.’ ಮಡಿಲಲ್ಲಿದ್ದ ತನ್ನ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಇನ್ನೊಂದು ಕಡೆಗೆ ಇಟ್ಟುಕೊಂಡಳು. ‘ಒಂದು ಹೇಳ್ತೀನಿ ಪುಟ್ಟಿ, ನಗಬೇಡ. ಅಪ್ಪ ಹೋದ್ಮೇಲೆ ಆ ಮಷೀನು ನನ್ನ ಕೈಗೆ ಬಂತು. ಹಿಡ್ಕೋ ಅಂತ ಯಾರೂ ಹೇಳ್ಲಿಲ್ಲ, ಇಳಿಸು ಅಂತಾನೂ ಯಾರೂ ಹೇಳ್ಲಿಲ್ಲ. ನಂಗೆ ಅದ್ರ ಸದ್ದು ಕೇಳಿದ್ರೆ ಭಯ ಕಣೆ. ಮೊದಲ್ನೇ ದಿನದಿಂದ್ಲೂ. ನೀನು ನೋಡ್ತಿದ್ದೆ, ನಮ್ಮಕ್ಕ ಅಂತ ಹೆಮ್ಮೆ ಪಡ್ತಿದ್ದೆ, ಹೇಗೆ ಹೇಳ್ಲಿ? ಆವತ್ತು ನೀನು ಅದನ್ನ ತಂದು ನಿಂಗೇ ಅಂತ ಅಂದ್ಯಲ್ಲ, ಬಚ್ಚಲಿಗೆ ಹೋಗಿ ಅತ್ತೆ. ಸಾಕು ಇಳಿಸಕ್ಕಾ, ನಾನು ಮಾಡ್ತೀನಿ ಅಂತ ಒಬ್ರಾದ್ರೂ ಅಂದ್ರಲ್ಲ ಅಂತ. ಅವತ್ತಿಂದ ನಿದ್ದೆ ಬರ್ತಿದೆ ನಂಗೆ. ಕೂತಲ್ಲಿ ನಿಂತಲ್ಲಿ ನಿದ್ದೆ.’

ಪುಟ್ಟಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಒಂದೇ ಭಟ್ಟಿಯ ಝಳ ಉಂಡು, ಇದು ತನಗೆ ಗೊತ್ತಿರಲಿಲ್ಲ. ಅಕ್ಕನ ಭುಜ ಎಷ್ಟು ತಿರುಗುತ್ತದೆಂದು ಗೊತ್ತಿತ್ತು, ಅಕ್ಕ ಹೆದರುತ್ತಾಳೆಂದು ಗೊತ್ತಿರಲಿಲ್ಲ. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು, ಅಕ್ಕನ ಮೇಲೆ ಕನಿಕರ ಬಂತು, ಈ ಎರಡರ ಕೆಳಗೆ ಮಣಿಕಟ್ಟು ತನ್ನ ಪಾಡಿಗೆ ತಾನು ನೋಯುತ್ತಲೇ ಇತ್ತು. ಹೌದು ಎಂದರೆ ಕೈಗೆ ಬಿಡುವು. ಒಂದೇ ಒಂದು ಮಾತು, ಅದೂ ನಿಜವಾದ ಮಾತು.

‘ನಿಜ ಹೇಳು,’ ಎಂದಳು ಅಕ್ಕ. ‘ನಿಂಗೇ ಅಂತ ತಂದಿದ್ದಾ?’

‘ದರ್ಜಿಗೇನು, ಮಾಡಕ್ಕೆ ಬೇರೆ ಕೆಲ್ಸ ಇಲ್ಲ,’ ಎಂದಳು ಪುಟ್ಟಿ. ‘ನಂಗೇ ತಂದಿದ್ದು.’

ಅಕ್ಕ ಉಸಿರು ಬಿಟ್ಟಳು. ಅವಳ ಭುಜ ಎರಡೂ ಒಟ್ಟಿಗೆ ಇಳಿದವು. ಕೈ ನೋಯುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದಳು ಪುಟ್ಟಿ. ಹಾಗಾದರೆ ಒಂದು ಗಳಿಗೆ ಅಡ್ಡಾಗುತ್ತೇನೆ, ಗಿರಾಕಿ ಬಂದರೆ ಎಬ್ಬಿಸು ಎಂದು ಹೇಳಿ ಅಕ್ಕ ಮೂಟೆಗಳ ನಡುವೆ ಕಾಲು ಚಾಚಿದಳು. ಹೇಳಿದ ಮಾತು ಮುಗಿಯುವಷ್ಟರಲ್ಲಿ ಬಾಯಿ ಸ್ವಲ್ಪ ತೆರೆದುಕೊಂಡು, ಸಣ್ಣ ಮಗುವಿನ ಹಾಗೆ ನಿದ್ದೆ ಹೋದಳು.

ಸಂಜೆಯ ಭಟ್ಟಿಗೆ ಕಟ್ಟಿಗೆ ಸಾಲದಾಗಿತ್ತು. ಪುಟ್ಟಿ ಗರಗಸ ಎತ್ತಿಕೊಂಡು ಹಿತ್ತಿಲಿಗೆ ಇಳಿದು, ಸದ್ದು ಒಳಗೆ ಹೋಗದಿರಲೆಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಕೊಂಬೆಯನ್ನು ಕವೆಯಲ್ಲಿ ಕೂರಿಸಿ ಕೊಯ್ಯಲು ಶುರುಮಾಡಿದಳು.